ಎಸ್.ಪಿ. ರೋಡಿನಲ್ಲಿ ಸಿಕ್ಕ ಹತ್ತು ಸೈಕಲ್ಲು!

ಹತ್ತು ಸೈಕಲ್ಲು ಕಳೆದುಹೋಗಿತ್ತು ಸ್ವಾಮಿ! ಕದ್ದವರು ಯಾರೂ ಇಲ್ಲ. ಪೋಲೀಸ್ ಕಂಪ್ಲೇಂಟ್ ಕೊಡೋ ಹಾಗೂ ಇಲ್ಲ. ಆದರೆ ಆ ಹತ್ತು ಸೈಕಲ್ಲಿನ ದೆಸೆಯಿಂದ ನಮ್ಮ ಮನೆಯಲ್ಲಿ ಅಣ್ಣ ತಮ್ಮ ಮಾತು ಬಿಟ್ಟರು. ಪಿ.ಬಿ. ಶ್ರೀನಿವಾಸ್ ಅವರ ಜೇನಿನಂಥ ಕಂಠ ಪಾಳುಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಒಂದು ಒಳ್ಳೆಯ ಯಂತ್ರ ನಲವತ್ತು ವರ್ಷಕ್ಕೂ ಮಿಕ್ಕಿ ಅಟ್ಟದ ಮೇಲೆ ಕೂತು ಧೂಳು ತಿಂದಿತು.

ಸೈಕಲ್ಲು ಅಂದರೆ ಬೆಲ್ಲು ಹೊಡೆಯೋ ಸೈಕಲ್ಲಲ್ಲ. ಕರೆಂಟಿನ ಸೈಕಲ್ಲು. ಅದನ್ನು ಹುಡುಕಿಕೊಂಡು ತಿಪಟೂರಿನಿಂದ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದ ಕಥೆ ಇದು. ಹಾಡು ಇದೆ, ಫೈಟಿಂಗ್ ಇದೆ, ಸೆಂಟಿಮೆಂಟ್ ಇದೆ. ಹೀರೋಯಿನ್ ಮಾತ್ರ ಇಲ್ಲ, ಕ್ಷಮಿಸಬೇಕು!

ಫ್ಲಾಷ್ ಬ್ಯಾಕ್: ಅಮೆರಿಕದಿಂದ ಬಂದ ಪೆಟ್ಟಿಗೆ

ನಮ್ಮಪ್ಪ ಹುಡುಗನಾಗಿದ್ದಾಗ ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದವರು. ಟೆಂಟು ಅಂತೀವಲ್ಲ, ಅದೇ. ಆಟ ಶುರುವಾಗೋಕೆ ಮುಂಚೆ ಮೈಕಿನಲ್ಲಿ ಪ್ಲೇಟು ಹಾಕಿ ಜನ ಕರೆಯೋದು ಅವರ ಡ್ಯೂಟಿ. ಆಮೇಲೆ ಪ್ರೊಜೆಕ್ಟರ್ ಹತ್ತಿರ ನಿಂತು ರೀಲು ಸುತ್ತೋದು. ಆ ಕಾಲದ ಹಾಡುಗಳೆಲ್ಲ ಅವರ ಕಿವಿಯಲ್ಲಿ ಅಚ್ಚಾಗಿವೆ. ಯಾವ ಹಾಡು ಎಷ್ಟನೇ ಮನೆ ಶ್ರುತಿ ಅಂತ ಹಾರ್ಮೋನಿಯಂ ಮುಟ್ಟದೆ ಹೇಳುತ್ತಾರೆ.

ಅವರ ತಮ್ಮ, ನಮ್ಮ ಚಿಕ್ಕಪ್ಪ, ಓದಿ ಡಾಕ್ಟರಾಗಿ ಅಮೆರಿಕಕ್ಕೆ ಹೋದರು. 1979ರಲ್ಲಿ ಊರಿಗೆ ಬಂದಾಗ ಅಣ್ಣನಿಗೆ ಅಂತ ಒಂದು ರೆಕಾರ್ಡ್ ಪ್ಲೇಯರ್ ತಂದರು. ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಸುತ್ತಿ ಮಗುವಿನ ಹಾಗೆ ತಂದಿದ್ದರು. ಮರದ ಚೌಕಟ್ಟು, ಮೇಲೆ ಕಪ್ಪು ಲೋಹದ ಹಲಗೆ, ತಟ್ಟೆ, ಒಂದು ಕಡ್ಡಿಯಂಥ ಕೈ. ಗುಂಡಿ ಗಿಂಡಿ ಏನೂ ಇಲ್ಲ, ಒಂದೇ ಒಂದು ಸ್ವಿಚ್ಚು. ಅಕೌಸ್ಟಿಕ್ ರಿಸರ್ಚ್ ಅನ್ನೋ ಕಂಪೆನಿಯದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಎಡ್ಗರ್ ವಿಲ್ಚರ್ ಅನ್ನೋ ಪುಣ್ಯಾತ್ಮ 1961ರಲ್ಲಿ ಹೊರತಂದ ಮಾಡೆಲ್ಲು. ತಟ್ಟೆ ಮತ್ತು ಕೈ ಎರಡನ್ನೂ ಒಂದೇ ಚೌಕಟ್ಟಿಗೆ ಕೂರಿಸಿ, ಆ ಚೌಕಟ್ಟನ್ನು ಮೂರು ಸ್ಪ್ರಿಂಗಿನ ಮೇಲೆ ತೂಗುಬಿಟ್ಟಿದ್ದಾನೆ. ಪೆಟ್ಟಿಗೆ ಮೇಲೆ ಸುತ್ತಿಗೆಯಲ್ಲಿ ತಟ್ಟಿದರೂ ಮುಳ್ಳು ಹಾರುವುದಿಲ್ಲ ಅಂತ ಆಗ ಜನರ ಮುಂದೆ ತಟ್ಟಿ ತೋರಿಸುತ್ತಿದ್ದರು! ಮುಂದೆ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದ ಲಿನ್ ಸೋಂಡೆಕ್ ಎಂಬ ಹೆಸರಾಂತ ಪ್ಲೇಯರ್ ಕೂಡ ಇದೇ ಸ್ಪ್ರಿಂಗಿನ ಜಾತಿಗೆ ಸೇರಿದ್ದು.

ಸರಿ, ಸಂಜೆಗೆ ಬೀದಿಯೆಲ್ಲ ನಮ್ಮ ಪಡಸಾಲೆಯಲ್ಲಿ. ನಾನಾಗ ಏಳು ವರ್ಷದವನು, ಎಲ್ಲರ ಕಾಲ ಸಂದಿಯಲ್ಲಿ ತೂರಿ ಮುಂದೆ ಕೂತಿದ್ದೆ. ಊರಿನ ರೇಡಿಯೋ ರಿಪೇರಿಯವನು 230 ವೋಲ್ಟನ್ನು 110ಕ್ಕೆ ಇಳಿಸುವ ಒಂದು ಟ್ರಾನ್ಸ್‌ಫಾರ್ಮರ್ ಹಾಕಿಕೊಟ್ಟು, "ಇನ್ನು ಬಾರ್ಸಿ ಬುದ್ಧಿ" ಅಂದ. ಅಪ್ಪ ಕೈ ತೊಳೆದುಕೊಂಡು ಬಂದು ಪಿ.ಬಿ.ಎಸ್. ಹಾಡುಗಳ ದೊಡ್ಡ ಪ್ಲೇಟನ್ನು ಇಟ್ಟು ಮುಳ್ಳು ಇಳಿಸಿದರು.

ಹಾಡು ಬಂತು.... ಆದರೆ ಯಾರದು? ಗಂಟಲು ಕಟ್ಟಿದ ಯಾರೋ ನಿದ್ದೆಗಣ್ಣಿನಲ್ಲಿ ಎಳೆದೆಳೆದು ಹಾಡಿದ ಹಾಗಿತ್ತು. ಪಕ್ಕದ ಮನೆಯವರು ಕಿಸಕ್ಕನೆ ನಕ್ಕು, "ಅಲ್ಲಿ ಗುಜರಿಗೆ ಹಾಕೋದನ್ನ ಇಲ್ಲಿಗೆ ತಂದವ್ನೆ" ಅಂದರು. ಚಿಕ್ಕಪ್ಪನ ಮುಖ ಕೆಂಪಾಯಿತು. ತಟ್ಟೆ ಎತ್ತಿ, ಬೆಲ್ಟನ್ನು 45ರ ಮೆಟ್ಟಿಲಿಗೆ ಏರಿಸಿದರು. ಈಗ ಅದೇ ಪಿ.ಬಿ.ಎಸ್. ರೈಲಿಗೆ ಹೊತ್ತಾದವರ ಹಾಗೆ ಅವಸರವಸರವಾಗಿ ಹೆಣ್ಣುದನಿಯಲ್ಲಿ ಹಾಡತೊಡಗಿದರು! 33ರಲ್ಲಿ ಗೂಬೆ, 45ರಲ್ಲಿ ಗುಬ್ಬಿ! ಪಡಸಾಲೆ ತುಂಬ ನಗು.

ಅಪ್ಪನಿಗೆ ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆ, "ನೆಟ್ಟಗೆ ಓಡದ ಮೆಷಿನ್ನು ನನಗ್ಯಾಕೋ? ತಗೊಂಡು ಹೋಗು" ಅಂದುಬಿಟ್ಟರು. ಚಿಕ್ಕಪ್ಪ ಮಾತಾಡಲಿಲ್ಲ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಟುಹೋದರು. ಮೆಷಿನ್ನು ಅಟ್ಟ ಸೇರಿತು. ಅಜ್ಜಿ ತೀರಿಕೊಂಡಾಗ ಬಂದಿದ್ದರು, ಎಷ್ಟು ಬೇಕೋ ಅಷ್ಟೇ ಮಾತು. ಆಮೇಲೆ ಹಬ್ಬಕ್ಕೊಂದು ಫೋನು, ಅದೂ ನನ್ನ ಹತ್ತಿರ. "ಅಣ್ಣಯ್ಯ ಹೇಗಿದ್ದಾನೆ?" ಅಂತ ಕೇಳುತ್ತಾರೆ. "ಕೊಡಲಾ?" ಅಂದರೆ, "ಬೇಡ ಬಿಡು, ಮಲಗಿರ್ತಾನೆ".

ಅಪ್ಪನಿಗೆ ಈಗ 84. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಇಷ್ಟಿಷ್ಟೇ ಹಿಂದೆ ಸರಿಯುತ್ತಿದೆ. ಹೋದ ವರ್ಷ ಮನೆಗೆ ಸುಣ್ಣ ಬಳಿಸುವಾಗ ಅಟ್ಟ ಇಳಿಸಿದೆವು. ಆ ಮೆಷಿನ್ನು ಕೈಗೆ ಸಿಕ್ಕಿತು. ಆ ಬಲಗಿವಿ ಇರೋವಾಗಲೇ ಇದನ್ನು ಸರಿ ಮಾಡಿಸಬೇಕು ಅನ್ನಿಸಿತು. ಹೊರಟೇಬಿಟ್ಟೆ.

ತೊಡೆ ಮೇಲೆ ಗ್ರಾಮಫೋನು

ತಿಪಟೂರಿನಿಂದ ಬೆಂಗಳೂರಿಗೆ ನೂರನಲವತ್ತು ಕಿಲೋಮೀಟರು. ಈ ದಾರಿ ಚಿತ್ರರಸಿಕರಿಗೆ ಯಾತ್ರೆಯ ದಾರಿ ಕಣ್ರೀ! ನಮ್ಮೂರು ಬರೀ ಕೊಬ್ಬರಿಗೆ ಹೆಸರಾದದ್ದು ಅಂದುಕೊಂಡಿರಾ? ಹಾಸ್ಯ ಚಕ್ರವರ್ತಿ ನರಸಿಂಹರಾಜು ಹುಟ್ಟಿದ ಊರು. ಟಿ.ಆರ್. ನರಸಿಂಹರಾಜು ಅನ್ನೋದರಲ್ಲಿ ಆ 'ಟಿ' ಅಂದರೆ ತಿಪಟೂರೇ. ಮುಂದೆ ಗುಬ್ಬಿ. ಗುಬ್ಬಿ ವೀರಣ್ಣನವರ ಕಂಪೆನಿ ಇಲ್ಲದಿದ್ದರೆ ಕನ್ನಡ ಚಿತ್ರರಂಗಕ್ಕೆ ಅರ್ಧ ಕಲಾವಿದರು ಎಲ್ಲಿಂದ ಬರುತ್ತಿದ್ದರು? ಡಾ. ರಾಜ್ ಕೂಡ ಆ ಗರಡಿಯಲ್ಲಿ ಪಳಗಿದವರೇ. 1954ರ 'ಬೇಡರ ಕಣ್ಣಪ್ಪ'ದಲ್ಲಿ ರಾಜ್ ಮತ್ತು ನರಸಿಂಹರಾಜು ಒಟ್ಟಿಗೆ ಬೆಳ್ಳಿತೆರೆಗೆ ಬಂದರು. ಮುಂದಿನದೆಲ್ಲ ನಿಮಗೆ ಗೊತ್ತೇ ಇದೆ.

ಬಸ್ಸಿನಲ್ಲಿ ಕಂಡಕ್ಟರಿಗೆ ನನ್ನ ತೊಡೆ ಮೇಲಿನ ಗಂಟಿನ ಮೇಲೆ ಕಣ್ಣು.

"ಏನ್ ಸಾರ್ ಅದು?"

"ಗ್ರಾಮಫೋನು."

"ಕೊಂಬೆಲ್ಲಿ?"

"ಇದಕ್ಕೆ ಕೊಂಬಿಲ್ಲ ಕಣಪ್ಪ."

"ಕೊಂಬಿಲ್ದೇ ಇದ್ರೆ ಟಿಕೆಟ್ಟೂ ಬೇಡ ಬಿಡಿ" ಅಂತ ನಕ್ಕು ಮುಂದೆ ಹೋದ. ತುಮಕೂರು ದಾಟಿ ಕ್ಯಾತ್ಸಂದ್ರ ಬಂತು. ಅಲ್ಲಿನ ತಟ್ಟೆ ಇಡ್ಲಿ ಜಗತ್ಪ್ರಸಿದ್ಧ. ಆದರೆ ನನ್ನ ತೊಡೆ ಮೇಲೆ ಬೇರೆ ತಟ್ಟೆ ಇತ್ತಲ್ಲ, ಇಳಿಯಲಿಲ್ಲ. ನೆಲಮಂಗಲದಿಂದ ಈಚೆಗೆ ಬಸ್ಸು ಆಮೆ. ಮೊಬೈಲಿನಲ್ಲಿ ಒಂದು ಆಪ್ ಹಾಕಿಕೊಂಡಿದ್ದೆ. ಫೋನನ್ನೇ ತಿರುಗುವ ತಟ್ಟೆ ಮೇಲಿಟ್ಟರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಹೇಳುತ್ತದೆ. ಹಳೆ ಬೆಲ್ಟು ಜಿಗುಟಾಗಿ ಕಿತ್ತುಬಂದಿದ್ದರಿಂದ ಹೊಸ ಬೆಲ್ಟು ತರಿಸಿ ಹಿಂದಿನ ರಾತ್ರಿಯೇ ಮನೆಯಲ್ಲಿ ಇಟ್ಟು ನೋಡಿದ್ದೆ. 27.8 ತೋರಿಸಿತ್ತು. ಇರಬೇಕಾದದ್ದು 33.3. ಈ 27.8 ಎಲ್ಲಿಂದ ಬಂತು? ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಹುಳ.

ಮೆಜೆಸ್ಟಿಕ್! ಬಡಾವಣೆಗೆ ಆ ಹೆಸರೇ ಒಂದು ಥಿಯೇಟರಿನಿಂದ ಬಂದದ್ದು, ಈಗ ಆ ಥಿಯೇಟರಿಲ್ಲ. ಗಾಂಧಿನಗರದ ಕಪಾಲಿ 1968ರಲ್ಲಿ ಬಾಗಿಲು ತೆರೆದು 2017ರಲ್ಲಿ ಮುಚ್ಚಿತು. ಆ ಕಡೆ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಮೈಸೂರು ಬ್ಯಾಂಕ್ ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗಿ, ಅವೆನ್ಯೂ ರೋಡಿನ ಹಳೆ ಪುಸ್ತಕದಂಗಡಿಗಳನ್ನು ದಾಟಿ, ನಗರ್ತಪೇಟೆಯ ಸಂದಿಯಲ್ಲಿ ನುಗ್ಗಿದೆ.

ಇದು ಎಸ್.ಪಿ. ರೋಡು, ಸ್ವಾಮಿ!

ಹೊಸಬರಿಗೊಂದು ಎಚ್ಚರಿಕೆ. ಎಸ್.ಪಿ. ರೋಡು ಬೇರೆ, ಎಸ್.ಜೆ.ಪಿ. ರೋಡು ಬೇರೆ. ಆಟೋದವನು ತಪ್ಪಿ ಇಳಿಸಿದರೆ ಜಗಳ ಆಡಬೇಡಿ, ಎರಡೂ ಹತ್ತಿರ ಹತ್ತಿರವೇ ಇವೆ. ಎಸ್.ಪಿ. ಅಂದರೆ ಸಾದರ ಪತ್ರಪ್ಪ. ಎಸ್.ಜೆ.ಪಿ. ಅಂದರೆ ಸಿಲ್ವರ್ ಜ್ಯೂಬಿಲಿ ಪಾರ್ಕ್. ಅಲ್ಲಿ ನಟ್ಟು ಬೋಲ್ಟು, ಪಂಪು, ಟೂಲು. ಇಲ್ಲಿ ಕಂಪ್ಯೂಟರು, ವೈರು, ಟ್ರಾನ್ಸಿಸ್ಟರು.

ಕರೆಂಟಿನ ಕಥೆ ಹೇಳೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಪಕ್ಕದಲ್ಲೇ ಇರುವ ಕೆ.ಆರ್. ಮಾರ್ಕೆಟ್ಟಿನ ಹತ್ತಿರವೇ 1905ರಲ್ಲಿ ಬೆಂಗಳೂರಿನ ಮೊದಲ ವಿದ್ಯುತ್ ಬೀದಿದೀಪ ಹತ್ತಿತು. ಶಿವನಸಮುದ್ರದ ಕಾವೇರಿ ಕೊಟ್ಟ ಬೆಳಕು ಅದು.

ಈ ರೋಡಿಗೆ ಬಂದರೆ ಒಂದು ವಾಸನೆ. ಕಾದ ರಾಳದ ಹೊಗೆ, ಹೊಸ ಪ್ಲಾಸ್ಟಿಕ್ಕು, ಪಕ್ಕದ ಗಾಡಿಯ ಮೆಣಸಿನಕಾಯಿ ಬಜ್ಜಿ, ಮೂರೂ ಸೇರಿದ್ದು. ಅಂಗಡಿಯ ಬಾಗಿಲು ಮೂರಡಿ, ಒಳಗೆ ಆಳ ಮೂವತ್ತಡಿ. ಹುಡುಗರು ಐದಾರು ಭಾಷೆಯಲ್ಲಿ ಕರೆಯುತ್ತಾರೆ. "ಏನ್ ಬೇಕ್ ಸಾರ್? ಮಾನಿಟರ್? ಕೀಬೋರ್ಡ್? ಸಿಸಿಟಿವಿ?"

ನಾನು, "ಟರ್ನ್‌ಟೇಬಲ್ ಮೋಟಾರ್" ಅಂದೆ.

ಹುಡುಗ ಒಂದು ಕ್ಷಣ ಯೋಚಿಸಿ, ಒಳಗೆ ಹೋಗಿ ಬಿಸ್ಕತ್ತಿನಷ್ಟು ಅಗಲದ ಒಂದು ಮೋಟಾರು ತಂದು ಕೈಗಿಟ್ಟ. "ತಗೊಳ್ಳಿ ಸಾರ್, ಟರ್ನ್‌ಟೇಬಲ್ ಮೋಟಾರು."

"ಇದು ಯಾವುದಕ್ಕೆ?"

"ಮೈಕ್ರೋವೇವ್ ಓವನ್ನಿಗೆ! ಅದ್ರಲ್ಲಿ ಗಾಜಿನ ತಟ್ಟೆ ತಿರುಗಲ್ವಾ?"

ನಗು ಬಂತು. ವಾಪಸು ಕೊಡೋಕೆ ಅಂತ ತಿರುಗಿಸಿದರೆ ಅದರ ಬೆನ್ನ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು. "50/60 ಹರ್ಟ್ಸ್, 5/6 ಆರ್.ಪಿ.ಎಂ."

ನಾನು ರೋಡಿನ ಮಧ್ಯದಲ್ಲೇ ನಿಂತುಬಿಟ್ಟೆ. ಹಿಂದಿನ ಸ್ಕೂಟರಿನವನು ಬೈದದ್ದೂ ಕೇಳಿಸಲಿಲ್ಲ. 50 ಸೈಕಲ್ಲಿನ ಕರೆಂಟಿಗೆ 5 ಸುತ್ತು, 60ರ ಕರೆಂಟಿಗೆ 6 ಸುತ್ತು. ಹಾಗಾದರೆ 33.3ನ್ನು ಆರರಿಂದ ಭಾಗಿಸಿ ಐದರಿಂದ ಗುಣಿಸಿದರೆ....? ಮೊಬೈಲಿನಲ್ಲಿ ಲೆಕ್ಕ ಹಾಕಿದೆ. 27.8!

ನಲವತ್ತು ವರ್ಷದ ಜಗಳಕ್ಕೆ ಉತ್ತರ ಒಂದು ಓವನ್ ಮೋಟಾರಿನ ಬೆನ್ನ ಮೇಲೆ ಬರೆದಿತ್ತು ನೋಡಿ!

ರೇಡಿಯೋ ಮೇಷ್ಟ್ರ ಪಾಠ

"ಇದಕ್ಕೆ ಮೇಷ್ಟ್ರೇ ಸರಿ, ಮೇಲ್ಗಡೆ ಹೋಗಿ" ಅಂತ ಆ ಹುಡುಗನೇ ದಾರಿ ತೋರಿಸಿದ. ಒಂದು ಸಂದಿ, ಕಬ್ಬಿಣದ ಮೆಟ್ಟಿಲು, ಮೇಲೆ ಎಂಟಡಿಗೆ ಆರಡಿ ಕೋಣೆ. ಎಪ್ಪತ್ತು ದಾಟಿದ ಹಿರಿಯರು. ಬೀದಿಯವರಿಗೆಲ್ಲ 'ರೇಡಿಯೋ ಮೇಷ್ಟ್ರು'. ನನ್ನ ಗಂಟು ಬಿಚ್ಚುತ್ತಲೇ ಅವರ ಕಣ್ಣು ಮಿನುಗಿತು. ಸ್ಕ್ರೂ ಬಿಚ್ಚಲಿಲ್ಲ, ಪ್ಲಗ್ ಹಾಕಲಿಲ್ಲ. ತಲೆಕೆಳಗು ಮಾಡಿ ಮೋಟಾರಿನ ಚೀಟಿ ಓದಿದರು.

"117 ವೋಲ್ಟು, 60 ಸೈಕಲ್ಲು. ಅಮೆರಿಕದ್ದು. ನೀವು ವೋಲ್ಟ್ ಇಳಿಸಿದ್ರಿ, ಸೈಕಲ್ ಏರಿಸ್ಲಿಲ್ಲ. ಅಲ್ವೇ?"

"ಹೌದು ಮೇಷ್ಟ್ರೇ."

"ಎಲ್ಲಾರೂ ಮಾಡೋ ತಪ್ಪೇ ಅದು. ಕೂತ್ಕೊಳ್ಳಪ್ಪ, ಟೀ ಬರುತ್ತೆ."

ಟೀ ಜೊತೆಗೆ ಅವರು ಹೇಳಿದ ಪಾಠ ನಿಮಗೂ ಹೇಳುತ್ತೇನೆ. ಕಷ್ಟವೇನಿಲ್ಲ.

ನಮ್ಮ ಮನೆ ಕರೆಂಟು ಒಂದೇ ದಿಕ್ಕಿಗೆ ಹರಿಯೋದಿಲ್ಲ, ಹಿಂದೆ ಮುಂದೆ ತೂಗಾಡುತ್ತದೆ. ಸೆಕೆಂಡಿಗೆ 50 ಸಲ. ಅಮೆರಿಕದಲ್ಲಿ 60 ಸಲ. ಮೊದಮೊದಲು ಕಾರ್ಖಾನೆ ಹಾಕಿದವರು ಅಲ್ಲಿ 60 ಹಿಡಿದರು, ಜರ್ಮನಿಯವರು 50 ಹಿಡಿದರು, ಆಮೇಲೆ ಬದಲಾಯಿಸೋಕೆ ಆಗಲಿಲ್ಲ. ಜಪಾನಿನಲ್ಲಂತೂ ತಮಾಷೆ. ಟೋಕಿಯೋ ಕಡೆ ಜರ್ಮನಿಯ ಯಂತ್ರ ಬಂದು 50, ಒಸಾಕಾ ಕಡೆ ಅಮೆರಿಕದ್ದು ಬಂದು 60. ಇವತ್ತಿಗೂ ಒಂದೇ ದೇಶದಲ್ಲಿ ಎರಡು ತಾಳ!

ಈ ಪ್ಲೇಯರಿನಲ್ಲಿರುವುದು ಸಿಂಕ್ರೊನಸ್ ಮೋಟಾರು. ಅದು ವೋಲ್ಟಿಗೆ ತಲೆ ಕೆಡಿಸಿಕೊಳ್ಳೋದಿಲ್ಲ, ಕರೆಂಟಿನ ತಾಳ ನೋಡಿ ಹೆಜ್ಜೆ ಹಾಕುತ್ತದೆ. ಅದರೊಳಗೆ 24 ಅಯಸ್ಕಾಂತದ ಧ್ರುವಗಳು. 60 ಸೈಕಲ್ಲಿನಲ್ಲಿ ನಿಮಿಷಕ್ಕೆ ಕರೆಕ್ಟಾಗಿ 300 ಸುತ್ತು. ಬೆಲ್ಟು, ರಾಟೆಯ ಲೆಕ್ಕದಲ್ಲಿ ಅದು ಒಂಬತ್ತರಲ್ಲಿ ಒಂದಾಗಿ ತಟ್ಟೆ 33.3 ಸುತ್ತುತ್ತದೆ. ಅದೇ 50 ಸೈಕಲ್ಲಿನಲ್ಲಿ 250 ಸುತ್ತು, ತಟ್ಟೆ 27.8. ಮೂರು ನಿಮಿಷದ ಹಾಡು ಮೂರು ನಿಮಿಷ 36 ಸೆಕೆಂಡು ಎಳೆಯುತ್ತದೆ. ಶ್ರುತಿ, ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಸೇರಿಸಿ ಎಣಿಸಿದರೆ, ಮೂರು ಮನೆಗಿಂತ ಒಂದು ಕೂದಲೆಳೆ ಹೆಚ್ಚಾಗಿಯೇ ಕೆಳಗಿಳಿಯುತ್ತದೆ. 45ರ ಮೆಟ್ಟಿಲಿಗೆ ಹಾಕಿದರೆ 37.5 ಸುತ್ತು, ಆಗ ಎರಡು ಮನೆ ಮೇಲೆ. ಗೂಬೆ, ಗುಬ್ಬಿ ಎರಡರ ಗುಟ್ಟೂ ರಟ್ಟಾಯಿತು!

"ಇನ್ನೊಂದು ವಿಷ್ಯ" ಅಂದರು ಮೇಷ್ಟ್ರು. "ಸೈಕಲ್ ಕಮ್ಮಿಯಾದ್ರೆ ಸುರುಳಿ ಹೆಚ್ಚು ಕರೆಂಟ್ ಎಳೆಯುತ್ತೆ. 50ರಲ್ಲಿ ಓಡಿಸೋದಾದ್ರೆ ಇದಕ್ಕೆ ಹೆಚ್ಚೂ ಕಮ್ಮಿ 97 ವೋಲ್ಟು ಸಾಕು. ನಿಮ್ಮೂರಿನವನು 110 ಕೊಟ್ಟಿದಾನೆ. ಅದಕ್ಕೇ ಬಿಸಿ, ಅದಕ್ಕೇ ನಡುಕ."

ಆ ಕಾಲದಲ್ಲಿ 50 ಅನ್ನೋದೂ ಹೆಸರಿಗೆ ಮಾತ್ರ ಇತ್ತು. ದಕ್ಷಿಣದ ಗ್ರಿಡ್ಡಿನಲ್ಲಿ ಸಂಜೆ ಎಲ್ಲರೂ ದೀಪ ಹಾಕಿದರೆ ಅದು 49ಕ್ಕೆ, ಇನ್ನೂ ಕೆಳಕ್ಕೆ ಕುಸಿಯುತ್ತಿತ್ತು. ನಮ್ಮ ದೇಶದ್ದೇ ಪ್ಲೇಯರಿದ್ದವರ ಮನೆಯಲ್ಲೂ ರಾತ್ರಿಯ ಹಾಡು ಒಂಚೂರು ಸೊಪ್ಪಾಗಿರುತ್ತಿತ್ತು. 2003ರ ಸುಮಾರಿಗೆ ಹೊಸ ಕಟ್ಟುಪಾಡು ಬಂದ ಮೇಲೆ ಅದು ಹತೋಟಿಗೆ ಬಂತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೋಲಾಪುರಕ್ಕೆ ದೊಡ್ಡ ಲೈನು ಜೋಡಿಸಿ, ಇಡೀ ದೇಶ ಒಂದೇ ತಾಳಕ್ಕೆ ಬಂತು.

ಮೂರು ದಾರಿ, ಒಂದು ಆಯ್ಕೆ

ಮೇಷ್ಟ್ರು ಮೂರು ದಾರಿ ಹೇಳಿದರು.

ಒಂದನೆಯದು, ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಹೊಸ ರಾಟೆ ಕಡೆಸೋದು. ಹಳೆಯದಕ್ಕಿಂತ ಐದರಲ್ಲಿ ಒಂದು ಪಾಲು ದಪ್ಪ. ಅಗ್ಗದ ದಾರಿ. ಆದರೆ ಕೂದಲೆಳೆ ಓರೆಯಾದರೂ ಪ್ರತಿ ಸುತ್ತಿಗೂ ಹಾಡು ಅಲೆಯುತ್ತದೆ. ಮೋಟಾರಿನ ನಡುಕವೂ ಹಾಗೇ ಉಳಿಯುತ್ತದೆ.

ಎರಡನೆಯದು, ಹಳೆ ಮೋಟಾರು ಕಿತ್ತು ಡಿ.ಸಿ. ಮೋಟಾರು ಕೂರಿಸೋದು. "ಟೇಪ್ ರೆಕಾರ್ಡರಿಂದ ಕಿತ್ತ ಮೋಟಾರು ಬೇಡಪ್ಪ" ಅಂದರು. "ಬಿಸಿಯಾದ್ರೆ ಒಂದು ಓಟ, ತಣ್ಣಗಿದ್ರೆ ಒಂದು ಓಟ. ಅದನ್ನ ಸರಿಯಾಗಿ ಮಾಡ್ಬೇಕಾದ್ರೆ ಎಷ್ಟು ಸುತ್ತು ಅಂತ ನೋಡೋಕೆ ಒಂದು ಕಣ್ಣು, ತಿದ್ದೋಕೆ ಒಂದು ಮಿದುಳು ಬೇಕು. ದೊಡ್ಡ ದೊಡ್ಡ ಕಂಪೆನಿಯವರು ಮಾಡ್ತಾರೆ." ನಿಜ. ಗ್ಲಾಸ್ಗೋದ ಲಿನ್‌ನವರು 2009ರಲ್ಲಿ ಅಂಥದೊಂದನ್ನು ತಂದರು.

ಮೂರನೆಯದು, ಮೋಟಾರಿಗೆ ಅದರ ತವರಿನ ಕರೆಂಟನ್ನು ಇಲ್ಲೇ ತಯಾರಿಸಿ ಕೊಡೋದು. ಇದೂ ಹೊಸ ಐಡಿಯಾ ಅಲ್ಲ. ಅದೇ ಲಿನ್ ಕಂಪೆನಿ 1982ರಲ್ಲಿ 'ವಲ್ಹಾಲಾ' ಅಂತ ಒಂದು ಬೋರ್ಡು ತಂದು ಪ್ಲೇಯರಿನ ಹೊಟ್ಟೆಗೇ ಸೇರಿಸಿತು. ಗಡಿಯಾರದಲ್ಲಿರೋ ಥರದ ಕ್ವಾರ್ಟ್ಜ್ ಹರಳು ತಾಳ ಹಾಕುತ್ತದೆ, ಮೋಟಾರು ಕುಣಿಯುತ್ತದೆ. 1990ರಲ್ಲಿ 'ಲಿಂಗೋ' ಅಂತ ಬೇರೆ ಡಬ್ಬಿಯಲ್ಲೇ ತಂದರು. ಪ್ಲೇಯರಿಗಿಂತ ಅದರ ಊಟದ ಡಬ್ಬಿಗೇ ಜನ ಕಾಸು ಸುರಿಯೋ ಕಾಲ ಬಂತು.

"ನಮ್ಮದೇ ವಲ್ಹಾಲಾ ಮಾಡೋಣ್ವೇ?" ಅಂದರು ಮೇಷ್ಟ್ರು. ಅವರ ಮುಖದಲ್ಲಿ ಇಪ್ಪತ್ತು ವರ್ಷದ ಹುಡುಗ ಕಂಡ.

ಕೆಳಗಿನ ಅಂಗಡಿಗಳಲ್ಲಿ ಚೀಟಿ ಹಿಡಿದು ಸುತ್ತಿದೆ. 16 ಮೆಗಾಹರ್ಟ್ಸ್ ಹರಳಿರುವ ಒಂದು ಪುಟ್ಟ ಕಂಟ್ರೋಲರ್ ಬೋರ್ಡು, ಎರಡು ಟಿ.ಡಿ.ಎ. 2030 ಆಂಪ್ಲಿಫೈಯರ್ ಚಿಪ್ಪು, ಅವಕ್ಕೆ ಅಲ್ಯೂಮಿನಿಯಂ ತಟ್ಟೆ, 12 ವೋಲ್ಟಿನ ಎರಡು ಟ್ರಾನ್ಸ್‌ಫಾರ್ಮರು, ಫ್ಯೂಸು, ಕಬ್ಬಿಣದ ಡಬ್ಬಿ. ಎಲ್ಲ ಇನ್ನೂರು ಹೆಜ್ಜೆಯೊಳಗೆ ಸಿಕ್ಕಿತು. ಎಸ್.ಪಿ. ರೋಡಿನ ಮಹಿಮೆ ಇದು.

ಕೆಲಸ ಹೀಗೆ. ಬೋರ್ಡು ಸೆಕೆಂಡಿಗೆ 60 ಸಲ ತೂಗುವ ಎರಡು ಸಣ್ಣ ಅಲೆ ಹುಟ್ಟಿಸುತ್ತದೆ, ಎರಡನೆಯದು ಮೊದಲನೆಯದಕ್ಕಿಂತ ಕಾಲು ಸುತ್ತು ಹಿಂದೆ. ಚಿಪ್ಪುಗಳು ಅದನ್ನು ಬಲಪಡಿಸುತ್ತವೆ. ಟ್ರಾನ್ಸ್‌ಫಾರ್ಮರನ್ನು ಉಲ್ಟಾ ಜೋಡಿಸಿದರೆ ಇಳಿಸೋ ಬದಲು ಏರಿಸುತ್ತದೆ. ಆರು ವೋಲ್ಟು ಕೊಟ್ಟರೆ 115ರ ಆಸುಪಾಸು ಬರುತ್ತದೆ. ಮೋಟಾರಿನೊಳಗೆ ಎರಡು ಸುರುಳಿ. ಮೊದಲು ಒಂದೇ ಕರೆಂಟನ್ನು ಕೆಪಾಸಿಟರ್ ಹಾಕಿ ಹೆಚ್ಚೂ ಕಮ್ಮಿ ಕಾಲು ಸುತ್ತು ತಡಮಾಡಿ ಎರಡನೇ ಸುರುಳಿಗೆ ಕೊಡುತ್ತಿದ್ದರು. ಆ ಕೆಪಾಸಿಟರಿನ ಲೆಕ್ಕ 60ಕ್ಕೆ. 50ರಲ್ಲಿ ಲೆಕ್ಕ ತಪ್ಪಿ ಮೋಟಾರು ನಡುಗುತ್ತಿತ್ತು. ಈಗ ಒಂದೊಂದು ಸುರುಳಿಗೂ ಅದರದೇ ಊಟ. 45 ಬೇಕಾದರೂ ಬೆಲ್ಟು ಬದಲಾಯಿಸೋ ರಗಳೆ ಇಲ್ಲ, ಗುಂಡಿ ಒತ್ತಿದರೆ 81 ಸೈಕಲ್ಲು!

ಮೋಟಾರನ್ನೂ ಬಿಚ್ಚಿದರು. ಒಳಗಿನ ಎಣ್ಣೆ ಒಣಗಿ ಮೇಣವಾಗಿತ್ತು. ಒರೆಸಿ, ಹೊಸ ಎಣ್ಣೆ ಬಿಟ್ಟು ಮುಚ್ಚಿದರು. ಮೋಟಾರು ಓಡಿಸಿ, ಸ್ಕ್ರೂಡ್ರೈವರಿನ ತುದಿ ಅದರ ಮೈಗಿಟ್ಟು, ಹಿಡಿ ತಮ್ಮ ಕಿವಿಗಿಟ್ಟು ಆಲಿಸಿದರು. ಥೇಟ್ ಡಾಕ್ಟರು! 115 ವೋಲ್ಟಿನಲ್ಲಿ ಶುರು ಮಾಡಿ, ಓಟ ಹಿಡಿದ ಮೇಲೆ 80ಕ್ಕೆ ಇಳಿಸುವ ಹಾಗೆ ಮಾಡಿದರು. "ಎಬ್ಬಿಸೋಕೆ ಶಕ್ತಿ ಬೇಕು, ಓಡೋಕೆ ಬೇಡ. ಕಮ್ಮಿ ಕೊಟ್ಟಷ್ಟೂ ತಣ್ಣಗೆ, ಮೆತ್ತಗೆ."

ಎಂಟು ದಿನ ಬಿಟ್ಟು ಮತ್ತೆ ಹೋದೆ. ಮೇಷ್ಟ್ರು 180 ಕಪ್ಪು ಗೆರೆಯ ಒಂದು ಕಾಗದದ ಬಿಲ್ಲೆಯನ್ನು ತಟ್ಟೆ ಮೇಲಿಟ್ಟು, ಲೈನಿನ ಕರೆಂಟಿಗೆ ಹಾಕಿದ ನಿಯಾನ್ ಬಲ್ಬು ಹಿಡಿದರು. ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ತಟ್ಟೆ 33.3 ಇದ್ದರೆ ಗೆರೆಗಳು ನಿಂತ ಹಾಗೆ ಕಾಣಬೇಕು. ನಿಂತವು! ಆದರೂ ಒಂಚೂರು ಆ ಕಡೆ, ಒಂಚೂರು ಈ ಕಡೆ ತೇಲಿದವು. ನನಗೆ ಎದೆ ಧಸಕ್ ಅಂತು. ಮೇಷ್ಟ್ರು ನಕ್ಕರು. "ಹೆದರ್ಬೇಡ. ತೇಲ್ತಿರೋದು ತಟ್ಟೆ ಅಲ್ಲ, ಬಲ್ಬಿಗೆ ಬರೋ ಲೈನಿನ ಕರೆಂಟು. ನಮ್ದು ಈಗ ಅದಕ್ಕಿಂತ ನೆಟ್ಟಗಿದೆ!"

ಸಾಮಾನು, ಕೂಲಿ ಎಲ್ಲ ಸೇರಿ ಮೂರೂವರೆ ಸಾವಿರ. ಕೂಲಿ ಕಮ್ಮಿ ಹೇಳಿದಿರಿ ಅಂದರೆ, "ಮೊದಲು ಅಪ್ಪಾಜಿ ಕೇಳ್ಲಿ, ಆಮೇಲೆ ಮಾತಾಡೋಣ" ಅಂದರು.

ಕ್ಲೈಮ್ಯಾಕ್ಸ್

ಮನೆಗೆ ಬಂದು ಅಪ್ಪನ ಬಲಗಡೆಗೆ ಸ್ಪೀಕರ್ ಇಟ್ಟೆ. ಮೆಷಿನ್ನು ನೋಡುತ್ತಲೇ ಮುಖ ತಿರುಗಿಸಿದರು. "ಅದನ್ಯಾಕೆ ಇಳಿಸ್ದೆ?"

ಹೇಗೆ ಹೇಳೋದು? ಧ್ರುವ, ಸುರುಳಿ ಅಂದರೆ ಅವರಿಗೆ ಅರ್ಥವಾಗದು. ತಟ್ಟನೆ ಟೆಂಟು ನೆನಪಾಯಿತು.

"ಅಪ್ಪ, ಪ್ರೊಜೆಕ್ಟರಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮು?"

"ಇಪ್ಪತ್ನಾಲ್ಕು."

"ಇಪ್ಪತ್ತೇ ಓಡ್ಸಿದ್ರೆ?"

"ಅಣ್ಣಾವ್ರು ಕತ್ತಿ ಬೀಸೋ ಬದ್ಲು ಬೀಸಣಿಗೆ ಬೀಸ್ತಾರೆ. ಸೌಂಡು ಗೊಗ್ಗರು."

"ಆ ದಿನ ಆಗಿದ್ದು ಅದೇ. ಚಿಕ್ಕಪ್ಪ ತಂದಿದ್ದು ಸರಿಯಾದ ಪಿಚ್ಚರೇ. ನಮ್ಮ ಕರೆಂಟು ಅದನ್ನ ಇಪ್ಪತ್ತರಲ್ಲಿ ಓಡಿಸ್ತು."

24ಕ್ಕೆ 20, 60ಕ್ಕೆ 50. ಲೆಕ್ಕ ಒಂದೇ. ಅಪ್ಪ ಏನೂ ಅನ್ನಲಿಲ್ಲ. ನಾನು ಅದೇ ಪ್ಲೇಟು ಇಟ್ಟು ಮುಳ್ಳು ಇಳಿಸಿದೆ. ಮೊದಲು ಚರಚರ ಸದ್ದು. ಆಮೇಲೆ ವಾದ್ಯ. ಆಮೇಲೆ.... ಪಿ.ಬಿ.ಎಸ್! 2013ರಲ್ಲಿ ಕಣ್ಣು ಮುಚ್ಚಿದ ಆ ಪುಣ್ಯಾತ್ಮ ನಮ್ಮ ಪಡಸಾಲೆಯಲ್ಲಿ ಕೂತು ಹಾಡಿದ ಹಾಗಿತ್ತು. ಅಪ್ಪ ಬಲಗಿವಿಯನ್ನು ಸ್ಪೀಕರಿಗೆ ಆನಿಸಿದರು. ಬೆರಳು ತೊಡೆ ಮೇಲೆ ತಾಳ ಹಾಕಿತು. ಒಂದು ಕಡೆಯ ಹಾಡುಗಳು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಸುತ್ತುತ್ತಿದ್ದರೂ ತಲೆ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ, "ಅವನಿಗೆ ಫೋನ್ ಮಾಡು" ಅಂದರು.

ಅಲ್ಲಿ ಬೆಳಗಿನ ಹೊತ್ತು. ಚಿಕ್ಕಪ್ಪ, "ಹೇಳೋ, ಅಣ್ಣಯ್ಯ ಹೇಗಿದ್ದಾನೆ?" ಅಂದರು, ಎಂದಿನಂತೆ. ನಾನು ಫೋನನ್ನು ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಗಂಟಲು ಸರಿ ಮಾಡಿಕೊಂಡರು. "ಮೆಷಿನ್ನು ಸರಿ ಇತ್ತು ಕಣೋ. ನಮ್ಮ ಕರೆಂಟೇ ಬೇರೆ ಇತ್ತಂತೆ."

ಆ ಕಡೆಯಿಂದ ತುಂಬ ಹೊತ್ತು ಸದ್ದಿಲ್ಲ. ಆಮೇಲೆ, "ನಂಗೂ ಗೊತ್ತಾಗ್ಲಿಲ್ಲ ಅಣ್ಣಯ್ಯ. ಎದೆಬಡಿತ ಎಣಿಸೋದು ಕಲಿತಿದ್ದೆ, ಕರೆಂಟಿನ ಬಡಿತ ಎಣಿಸ್ಲಿಲ್ಲ" ಅಂದರು. ಮತ್ತೆ ಸದ್ದಿಲ್ಲ. "ಪ್ಲೇಟು ಇನ್ನೊಂದ್ಸಲ ಹಾಕು. ನಾನೂ ಕೇಳ್ತೀನಿ."

ಹಾಕಿದೆ. ಫೋನನ್ನು ಸ್ಪೀಕರ್ ಮುಂದಿಟ್ಟು ನಾನು ಹಿತ್ತಿಲಿಗೆ ಹೋದೆ. ಅಲ್ಲಿ ನನಗೇನೂ ಕೆಲಸ ಇರಲಿಲ್ಲ.

ಮಿತ್ರರೇ, ಕೊನೆಗೊಂದು ಮಾತು

ನಿಮ್ಮ ಅಟ್ಟದ ಮೇಲೂ ದುಬೈನದೋ, ಅಮೆರಿಕದ್ದೋ ಹಳೆ ಪ್ಲೇಯರ್ ಇರಬಹುದು. ಗುಜರಿಗೆ ಹಾಕೋ ಮುಂಚೆ ಮೋಟಾರಿನ ಚೀಟಿ ಓದಿ. 60 ಅಂತ ಮಾತ್ರ ಇದ್ದರೆ ಅದರದೇನೂ ತಪ್ಪಿಲ್ಲ, ಅದಕ್ಕೆ ತಾಳ ಬೇಕು, ಅಷ್ಟೆ. ಆದರೆ ಹುಮ್ಮಸ್ಸಿನಲ್ಲಿ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಉಲ್ಟಾ ಹಾಕಿದ ಟ್ರಾನ್ಸ್‌ಫಾರ್ಮರ್ ಆರು ವೋಲ್ಟನ್ನು ನೂರಕ್ಕೂ ಮಿಕ್ಕಿ ಏರಿಸುತ್ತದೆ, ಅದು ಜೀವ ತೆಗೆಯೋ ಕರೆಂಟು. ಫ್ಯೂಸು, ಅರ್ತು, ಮುಚ್ಚಿದ ಡಬ್ಬಿ ಇಲ್ಲದೆ ಆಟ ಬೇಡ. ಬಲ್ಲವರ ಹತ್ತಿರ ಹೋಗಿ.

ಮೇಷ್ಟ್ರಿಗೆ ಅಪ್ಪ ನಮ್ಮ ತೋಟದ ಹತ್ತು ಕೊಬ್ಬರಿ ಕಳಿಸಿದ್ದಾರೆ. ಹತ್ತು ಸೈಕಲ್ಲಿಗೆ ಹತ್ತು ಕೊಬ್ಬರಿ, ಲೆಕ್ಕ ಚುಕ್ತಾ! ಬರೋ ಯುಗಾದಿಗೆ ಚಿಕ್ಕಪ್ಪ ಊರಿಗೆ ಬರುತ್ತಿದ್ದಾರೆ. ಈ ಸಲ ಸೂಟ್‌ಕೇಸಿನಲ್ಲಿ ಏನೂ ತರಬೇಡ ಅಂತ ಅಪ್ಪ ಹೇಳಿದ್ದಾರೆ. ಅವರು ಕೇಳೋ ಪೈಕಿ ಅಲ್ಲ, ನೋಡೋಣ....